ಶರ್ಯತ್ತಿನ ಹಾದಿಯಲ್ಲಿ ಸಾರಥಿಯ ಹೊಣೆ

ವಿಜಯಪುರವನ್ನು ನಡುವಿಟ್ಟುಕೊಂಡು ಉತ್ತರದಿಂದ ಪೂರ್ವಕ್ಕೆ, ಪೂರ್ವದಿಂದ ದಕ್ಷಿಣಕ್ಕೆ ಬಳಸಿ ಬಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಸೀಮೆಗಳು ಒಂದರ ಮಗ್ಗುಲಿಗೆ ಒಂದು ಹಾಸಿಕೊಂಡಿರುವುದು ಕಾಣುತ್ತದೆ. ಮೇಲಣ ಅಂಚಿಗೆ ಭೀಮೆ, ಕೆಳಗಣ ಅಂಚಿಗೆ ಕೃಷ್ಣೆ. ನಡುವೆ, ನೀರು ಉಪ್ಪಾದರೂ ದಂಡೆಯ ಹೊಲಗಳಿಂದ ಹೆಸರಾದ ಡೋಣಿ. ಗೋಲಗುಮ್ಮಟದ ಮೊಗಸಾಲೆಯಲ್ಲಿ ಒಮ್ಮೆ ಕೂಗಿ, ತಮ್ಮ ದನಿ ತಮಗೇ ಮರಳಿ ಕೇಳಿಸಿತೆಂದು ಹಿಗ್ಗಿ, ಅದೇ ಸಂಜೆಯ ರೈಲು ಹತ್ತುವ ಪ್ರವಾಸಿಗರಿಗೆ ಈ ಸೀಮೆಯ ಪರಿಚಯವಾಗುವುದಿಲ್ಲ. ಪರಿಚಯವಾಗಬೇಕಾದರೆ ಸಂಕ್ರಾಂತಿಗೂ ಯುಗಾದಿಗೂ ನಡುವೆ, ಬಿಳಿಜೋಳ ಕೊಯ್ಲಿಗೆ ಬಂದು ಜಾತ್ರೆಗಳು ಸಾಲುಗಟ್ಟುವ ದಿನಗಳಲ್ಲಿ, ಹಳ್ಳಿಯ ಬಸ್ಸು ಹತ್ತಿ ಹೊರಡಬೇಕು. ಯಾವುದೋ ಊರ ಅಗಸಿಯ ಮುಂದೆ ಬಸ್ಸು ತಟ್ಟನೆ ನಿಲ್ಲುತ್ತದೆ. ಕೆಂಪು ವಸ್ತ್ರ ಬೀಸುತ್ತ ನಿಂತ ಹುಡುಗನೊಬ್ಬ ಚಾಲಕನಿಗೆ ಹೇಳುತ್ತಾನೆ: "ಅಣ್ಣಾರ, ಶರ್ಯತ್ತ ನಡದೈತ್ರಿ. ಒಂದ್ ಗಳಿಗಿ ನಿಂದರ್ರಿ."

ಆ ಒಂದು ಗಳಿಗೆ ಅರ್ಧ ತಾಸಾಗುವುದೂ ಉಂಟು. ಆದರೆ ಬಸ್ಸಿನೊಳಗಿನವರು ಬೇಸರಪಡುವುದಿಲ್ಲ. ಹೆಂಗಸರು ಮಕ್ಕಳಾದಿಯಾಗಿ ಎಲ್ಲರೂ ಕಿಟಕಿಗೆ ಬಾಗುತ್ತಾರೆ.

ಶರ್ಯತ್ತು ಎಂಬ ಮಾತು ಮರಾಠಿಯಿಂದ ಬಂದುದು. ಮರಾಠಿಗೆ ಅದು ಅರಬ್ಬಿಯಿಂದ ಬಂದಿತು. ದಕ್ಷಿಣದ ಕನ್ನಡಿಗರು ಕಾಗದಪತ್ರಗಳಲ್ಲಿ ಬರೆಯುವ ಷರತ್ತು ಎಂಬ ಶಬ್ದವೂ ಅದೇ ಮೂಲದ್ದು. ಒಂದೇ ಬೇರಿನಿಂದ ಹೊರಟ ಎರಡು ಕವಲುಗಳಲ್ಲಿ ಒಂದು ಓಟವಾಯಿತು, ಇನ್ನೊಂದು ಕಟ್ಟುಪಾಡಾಯಿತು. ಈ ಸೀಮೆಯ ಓಟಗಳನ್ನು ನಾಲ್ಕು ದಿನ ಸುತ್ತಾಡಿ ನೋಡಿದವರಿಗೆ, ಅಗಲಿಹೋದ ಈ ಇಬ್ಬರು ಅಣ್ಣತಮ್ಮಂದಿರು ಮತ್ತೆ ಒಂದೇ ಮನೆಯಲ್ಲಿ ಇರುವಂತಾದರೆ ಎಷ್ಟು ಚೆನ್ನಾಗಿತ್ತೆಂದು ತೋರದೆ ಇರದು.

ಇಂಡಿಯ ಕಡೆಯಿಂದ ಆರಂಭಿಸುವುದು ಲೇಸು. ಲಿಂಬೆಯ ತೋಟಗಳಿಗೆ ಹೆಸರಾದ ತಾಲೂಕು ಇದು. ಇಲ್ಲಿಯ ಸಾಲೋಟಗಿಯಲ್ಲಿ ಕ್ರಿ. ಶ. 945ರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಶಾಸನ ದೊರೆತಿದೆ; ದೂರದೂರದ ವಿದ್ಯಾರ್ಥಿಗಳು ಬಂದು ನೆಲಸಿದ್ದ ವಿದ್ಯಾಶಾಲೆಯೊಂದಕ್ಕೆ ಯಾರು ಏನನ್ನು ಕೊಡತಕ್ಕದ್ದೆಂಬ ಕಟ್ಟಳೆ ಅದರಲ್ಲಿ ಕಲ್ಲಿನ ಮೇಲೆಯೇ ನಿಂತಿದೆ. ಭೀಮೆಯನ್ನು ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ನದಿಯ ಎರಡೂ ದಂಡೆಗೆ ಸೇರಿದ ಸಂಪತ್ತೆಂದರೆ ಖಿಲಾರಿ ದನ. ಬೂದು ಬೆರೆತ ಬೆಳ್ಳಗಿನ ಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಏರಿದ ನೀಳವಾದ ಕೋಡು, ಬಿಗಿದ ಕಾಲು, ಸದಾ ಎಚ್ಚರವಾಗಿರುವ ಕಣ್ಣು. ಕೃಷ್ಣೆಯ ಕಡೆ ಎರೆನೆಲದ ಭಾರದ ದುಡಿಮೆಗೆಂದು ಬೆಳೆಸಿದ ಕೃಷ್ಣಾ ಕಣಿವೆಯ ತಳಿಯ ಎತ್ತು ಆನೆಯಂತೆ ನಿಧಾನಿ. ಖಿಲಾರಿಯಾದರೋ ಹೆಗಲಿಗೆ ನೊಗ ಬಿದ್ದೊಡನೆ ಕಿವಿ ನಿಮಿರಿಸುತ್ತದೆ. ಓಟಕ್ಕೆ ಹುಟ್ಟಿದ ಪ್ರಾಣಿಯೆಂದು ರೈತರು ಅದನ್ನು ಕೊಂಡಾಡುವುದರಲ್ಲಿ ಅತಿಶಯೋಕ್ತಿ ಏನೂ ಇಲ್ಲ. ಆದರೆ ಬೇಗ ಬೆದರುವ ಪ್ರಾಣಿಯೂ ಅದೇ. ಹಿಂದೆ ಕುಳಿತವನ ಕೈ ಹೇಗೋ ಹಾಗೆ ಅದರ ಓಟ.

ಈ ಸೀಮೆಯಲ್ಲಿ ಎತ್ತುಗಳನ್ನು ಓಡಿಸುವ ಬಗೆಗಳು ಹಲವು. ಕಾರ ಹುಣ್ಣಿಮೆಯ ಸಂಜೆ ಕರಿ ಹರಿಯುವಾಗ ಗಾಡಿಯೇ ಇರುವುದಿಲ್ಲ. ಸಿಂಗರಿಸಿದ ಎತ್ತುಗಳು ಅಗಸಿಯ ತೋರಣದ ಕಡೆಗೆ ನುಗ್ಗುತ್ತವೆ, ಮೊದಲು ದಾಟಿದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಬಿಳಿಯದೋ ಕೆಂಪಿನದೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ತೆರಬಂಡಿಯಲ್ಲಿ ಗಾಲಿಗಳು ಉರುಳದಂತೆ ಬಿಗಿದು, ಭಾರ ಹೇರಿ, ಯಾವ ಜೋಡಿ ಹೆಚ್ಚು ದೂರ ಎಳೆಯುತ್ತದೆಂದು ನೋಡುತ್ತಾರೆ. ಅದು ಬಲದ ಪರೀಕ್ಷೆಯೇ ಹೊರತು ವೇಗದ್ದಲ್ಲ. ಗಾಡಾ ಶರ್ಯತ್ತು ಇವೆರಡರಿಂದಲೂ ಬೇರೆ. ಇಲ್ಲಿ ಜೋಡೆತ್ತು ಇರಬಹುದು, ಜೋಡು ಕುದುರೆ ಇರಬಹುದು, ಒಂದು ಎತ್ತು ಒಂದು ಕುದುರೆಯ ವಿಚಿತ್ರ ಜೋಡಿಯೂ ಇರಬಹುದು. ಹಿಂದೆ ಎರಡು ಗಾಲಿಯ ಹಗುರವಾದ ಗಾಡಿ; ಅದರ ಮೇಲೆ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಬಾರಕೋಲು ಹಿಡಿದ ಒಬ್ಬ ಮನುಷ್ಯ. ಈ ಬರಹಕ್ಕೆ ಬೇಕಾದವನು ಅವನೇ.

ಇಂಡಿಯಿಂದ ಸಿಂದಗಿಯ ಕಡೆಗೆ ಬಯಲು ಇನ್ನೂ ಬಿಚ್ಚಿಕೊಳ್ಳುತ್ತದೆ. ಕಣ್ಣು ಹಾಯುವವರೆಗೂ ಕಪ್ಪು ಎರೆ. ಅಲ್ಲಲ್ಲಿ ಜಾಲಿ, ಬೇವು. ಎರೆಯ ಹೊಲ ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಗಾಲಿಯನ್ನು ಬಿಡದೆ ಹಿಡಿಯುತ್ತದೆ. ಆದುದರಿಂದ ಓಟಗಳು ಹೊಲ ಬಿಟ್ಟು ರಸ್ತೆಗೆ ಏರಿದುದು ಸಹಜವೇ. ರಸ್ತೆಗೆ ಡಾಂಬರು ಬಿದ್ದ ಮೇಲೆ ವೇಗವೂ ಏರಿತು. ನಾಲು ಬಡಿದ ಗೊರಸು ಡಾಂಬರಿನ ಮೇಲೆ ಜಾರುತ್ತದೆಂಬುದನ್ನು ಗಾಡಿ ಹೊಡೆಯುವವರೆಲ್ಲರೂ ಬಲ್ಲರು. ಬಲ್ಲರೆಂದ ಮಾತ್ರಕ್ಕೆ ಹಗ್ಗ ಬಿಗಿ ಹಿಡಿಯುವರೆಂದಲ್ಲ.

ಗಾಡಿ ಹೊರಟ ಮೇಲೆ ನಡೆಯುವ ತಪ್ಪುಗಳನ್ನು ದಡದಲ್ಲಿ ನಿಂತವನು ಸುಲಭವಾಗಿ ಗುರುತಿಸಬಹುದು. ಒಂದೆತ್ತು ಮುಂದು, ಒಂದೆತ್ತು ಹಿಂದಾಗಿ ನೊಗ ಓರೆಯಾಗುತ್ತದೆ. ಸಾರಥಿ ಅದನ್ನು ತಿದ್ದದೆ ಹಿಂದುಳಿದ ಎತ್ತಿಗೆ ಹೊಡೆಯುತ್ತಾನೆ. ಹೊಡೆತಕ್ಕೆ ಅದು ಪಕ್ಕಕ್ಕೆ ಹಾರುತ್ತದೆ. ಗಾಡಿ ಪಕ್ಕದ ಗಾಡಿಯ ಹಾದಿಗೆ ಅಡ್ಡ ಬೀಳುತ್ತದೆ. ಇನ್ನೊಬ್ಬ ಮುಂದಿನ ಗಾಡಿಯನ್ನು ದಾಟುವ ಆತುರದಲ್ಲಿ ಜನ ನಿಂತ ಮಗ್ಗುಲಿಗೇ ತಿರುಗಿಸುತ್ತಾನೆ. ಮತ್ತೊಬ್ಬ ಹೊರಡುವ ಮುನ್ನ ಗಾಲಿಯ ಕೀಲನ್ನು ಮುಟ್ಟಿ ನೋಡಿಯೇ ಇಲ್ಲ. ಗೆರೆ ದಾಟಿದ ಮೇಲೆ ಗಾಡಿಯನ್ನು ನಿಧಾನಿಸುವ ವಿದ್ಯೆಯಂತೂ ಬಹಳ ಜನಕ್ಕೆ ತಿಳಿದಿಲ್ಲ. ಗೆಲುವಿನ ಕೇಕೆಯಲ್ಲಿ ಹಗ್ಗ ಕೈಬಿಟ್ಟುಬಿಡುತ್ತಾರೆ, ಬೆದರಿದ ಜೋಡಿ ಅಂಗಡಿಸಾಲಿನ ಕಡೆಗೆ ದೌಡಾಯಿಸುತ್ತದೆ. ಇದರ ಮೇಲೆ ಗಾಡಿಯ ಬೆನ್ನಿಗೆ ಮೋಟಾರುಸೈಕಲ್ಲುಗಳ ಹಿಂಡು, ಹಾರನ್ನಿನ ಅರಚಾಟ.

ಇವುಗಳಲ್ಲಿ ಯಾವುದೂ ಮೋಸವಲ್ಲ. ಯಾರನ್ನಾದರೂ ಕೆಡಹಬೇಕೆಂದು ಯಾರೂ ಬಯಸಿರುವುದಿಲ್ಲ. ಅಜಾಗರೂಕತೆಯ ತೊಡಕು ಇರುವುದು ಇಲ್ಲಿಯೇ. ಮೋಸಗಾರನನ್ನು ಊರು ಹಿಡಿದು ನಿಲ್ಲಿಸಬಲ್ಲದು. ಅಜಾಗರೂಕನನ್ನು "ಹುಡುಗ, ಹುರುಪಿನ್ಯಾಗ ಹೊಡದಾನ, ಬಿಡ್ರಿ" ಎಂದು ಬಿಟ್ಟುಬಿಡುತ್ತದೆ.

ತೀರ್ಪುಗಾರರು ಇಲ್ಲವೆಂದಲ್ಲ. ಜಾತ್ರಾ ಕಮಿಟಿಯ ಹಿರಿಯರು, ಊರ ಪಂಚರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅಡ್ಡಬಂದ ಗಾಡಿಯ ತಕರಾರು ಬಂದಾಗ ಎರಡು ಕಡೆಯ ಮಾತನ್ನೂ ಕೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಯಾರದೋ ಮೊಬೈಲಿನಲ್ಲಿ ಹಿಡಿದ ಚಿತ್ರವನ್ನೂ ಹತ್ತು ತಲೆಗಳು ಒಟ್ಟಿಗೆ ಬಾಗಿ ನೋಡುತ್ತವೆ. ಅಂಥ ಹಿರಿಯರ ಬಾಯಲ್ಲಿ ಬರುವ ಒಂದು ಬಗೆಯ ಮಾತಿಗೆ ಯಾವ ನ್ಯಾಯಾಲಯದ ಭಾಷೆಯೂ ಸಾಟಿಯಲ್ಲ: "ತಮ್ಮಾ, ಗೆರಿ ಎತ್ತಿಗಿ ಗೊತ್ತಿಲ್ಲ, ನಿನಗ ಗೊತ್ತಿತ್ತಲ್ಲ?" ಆದರೆ ತೀರ್ಪೇನು? ಆ ಜೋಡಿ ಆಟದಿಂದ ಹೊರಗೆ, ಬಹುಮಾನ ಇನ್ನೊಬ್ಬರಿಗೆ. ಅಲ್ಲಿಗೆ ಮುಗಿಯಿತು. ಕಳೆದುಕೊಂಡವನು ಎತ್ತಿನ ಒಡೆಯ. ಗಾಡಿ ಹೊಡೆದವನು ಹಲವು ಬಾರಿ ಅವನ ಮನೆಯವನೂ ಅಲ್ಲ, ಕೈಚಳಕಕ್ಕೆ ಹೆಸರಾಗಿ ಬೇರೆ ಊರಿನಿಂದ ಕರೆಸಿಕೊಂಡವನು. ಪಂಚರ ಮಾತು ಊರ ಸೀಮೆಯ ಕಲ್ಲಿನ ಆಚೆಗೆ ನಡೆಯುವುದಿಲ್ಲ. ಅದೇ ಕೈ ಮುಂದಿನ ವಾರ ಇನ್ನೊಂದು ಜಾತ್ರೆಯಲ್ಲಿ ಇನ್ನೊಂದು ಜೋಡಿಯ ಹಗ್ಗ ಹಿಡಿದಿರುತ್ತದೆ.

ಅಮೆರಿಕ, ಫ್ರಾನ್ಸ್, ಸ್ವೀಡನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ ಗಾಡಿಗೆ ಹೂಡಿದ ಕುದುರೆಗಳ ಪಂದ್ಯ ಬಹು ಜನಪ್ರಿಯ. ಸಲ್ಕಿ ಎಂಬ ಎರಡು ಗಾಲಿಯ ಪುಟ್ಟ ಗಾಡಿ. ಕುದುರೆ ನಾಗಾಲೋಟಕ್ಕೆ ಹೋಗುವಂತಿಲ್ಲ, ಜೋರುನಡಿಗೆಯಲ್ಲಿಯೇ ಗೆಲ್ಲಬೇಕು. ಉತ್ಸಾಹ ಮೀರಿ ನೆಗೆದ ಕುದುರೆಯನ್ನು ಸಾರಥಿಯೇ ಬಿಗಿದು ನಡಿಗೆಗೆ ತರಬೇಕು; ನೆಗೆತದಿಂದ ಮುಂದಾದರೆ ಆ ಮುಂದು ಲೆಕ್ಕಕ್ಕಿಲ್ಲ. ಅಂದರೆ ವೇಗವೇ ಸರ್ವಸ್ವವಲ್ಲ, ಹತೋಟಿಯೂ ಗೆಲುವಿನ ಭಾಗವೆಂಬುದನ್ನು ಆಟದ ಕಟ್ಟಳೆಯೇ ಹೇಳುತ್ತದೆ. ಆಸ್ಟ್ರೇಲಿಯದಲ್ಲಿ ಅಜಾಗರೂಕ, ದುಡುಕಿನ, ಅಸಮರ್ಥ ಚಾಲನೆಗಳನ್ನು ಬೇರೆಬೇರೆಯಾಗಿಯೇ ಹೆಸರಿಸಿ ನಿಷೇಧಿಸಿದ್ದಾರೆ. ಪಂದ್ಯದ ಮೇಲ್ವಿಚಾರಕರು ಓಟದ ಚಿತ್ರಗಳನ್ನು ನೋಡಿ, ಸಾರಥಿಯನ್ನು ಕರೆದು, ಆತನ ಸಮಾಧಾನ ಕೇಳಿ, ತಪ್ಪು ಕಂಡರೆ ಇಂತಿಷ್ಟು ದಿನ ಗಾಡಿ ಏರಕೂಡದೆಂದು ಆಜ್ಞೆ ಮಾಡುತ್ತಾರೆ. ಉದ್ದೇಶ ಕೆಟ್ಟದಾಗಿತ್ತೆ ಎಂದು ಅವರು ಕೆದಕುವುದಿಲ್ಲ. ಎಚ್ಚರದ ಸಾರಥಿ ಆ ಕ್ಷಣದಲ್ಲಿ ಏನು ಮಾಡುತ್ತಿದ್ದನೋ ಅದನ್ನು ಇವನು ಮಾಡಿದನೆ ಎಂಬುದೊಂದೇ ಪ್ರಶ್ನೆ. ತೀರ್ಪು ಒಪ್ಪದಿದ್ದರೆ ಮೇಲ್ಮನವಿಗೂ ಅವಕಾಶವುಂಟು. ದಂಡ ತಟ್ಟುವುದು ಕುದುರೆಗಲ್ಲ, ಹಗ್ಗ ಹಿಡಿದ ಕೈಗೆ.

ಇದು ಪರದೇಶದ ವಿದ್ಯೆಯೆಂದು ತಳ್ಳಿಹಾಕುವವರು ಒಂದು ಗಳಿಗೆ ತಾಳಬೇಕು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾಗುವ ಕೇಡಿನ ವಿಚಾರವಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಗಾಡಿ ಓರೆಗೋ ಹಿಂದಕ್ಕೋ ಸರಿದರೆ, ಅಚ್ಚೋ ಗಾಲಿಯೋ ಮುರಿದರೆ, ಕಟ್ಟುಹಗ್ಗಗಳು ಕಿತ್ತರೆ, ಅಥವಾ ಸಾರಥಿಯು "ಸರಿಯಿರಿ" ಎಂದು ಕೂಗಿದ್ದರೆ ದಂಡವಿಲ್ಲ. ಹೀಗೆ ಹತ್ತು ಸಂದರ್ಭಗಳನ್ನು ಎಣಿಸಿ ಹೇಳಿದೆ. ಆದರೆ ಸಾರಥಿಯ ಕೌಶಲ್ಯ ಸಾಲದೆ ಗಾಡಿ ಹಾದಿ ತಪ್ಪಿ ಕೇಡಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಸಾರಥಿ ನುರಿತವನಾಗಿದ್ದರೆ ದಂಡ ಸಾರಥಿಗೇ. ನುರಿಯದವನ ಕೈಗೆ ಹಗ್ಗ ಕೊಟ್ಟದ್ದು ಒಡೆಯನ ತಪ್ಪು, ನುರಿತವನು ಎಚ್ಚರ ತಪ್ಪಿದ್ದು ಅವನದೇ ತಪ್ಪು ಎಂಬ ಈ ವಿಂಗಡಣೆ ಎಷ್ಟು ಸೂಕ್ಷ್ಮವಾದುದು! ಯಾಜ್ಞವಲ್ಕ್ಯ ಸ್ಮೃತಿಯೂ ಇದೇ ವಿಚಾರವನ್ನು ಎತ್ತುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆ ಬರೆದ ವಿಜ್ಞಾನೇಶ್ವರ ಇದ್ದುದು ದೂರದಲ್ಲೆಲ್ಲೂ ಅಲ್ಲ, ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ. ಕೂಗಿದವನಿಗೆ ಮಾಫಿ ಎಂಬ ಒಂದಂಶವನ್ನು ಮಾತ್ರ ಇಂದಿನ ಶರ್ಯತ್ತಿಗೆ ಅನ್ವಯಿಸುವುದು ಕಷ್ಟ. ಹಲಗೆಯ ಬಡಿತ, ಸೀಟಿ, ಹಾರನ್ನುಗಳ ನಡುವೆ ಕೂಗು ಯಾರ ಕಿವಿಗೆ ಬಿದ್ದೀತು?

ಬಸವನ ಬಾಗೇವಾಡಿಯಲ್ಲಿ ಬಸವೇಶ್ವರನ ಗುಡಿಗೆ ಕೈಮುಗಿದು ಹೊರಬಂದವರಿಗೆ ಈ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದವನ ಹೆಸರಿನಲ್ಲಿಯೇ ಎತ್ತು ಇದೆ. ಈ ಸೀಮೆಯ ಮನೆಮನೆಯಲ್ಲಿಯೂ ಎತ್ತಿಗೆ ಬಸವಣ್ಣನೆಂದೇ ಕರೆಯುತ್ತಾರೆ. ಕಾರ ಹುಣ್ಣಿಮೆಯಂದು ಅದರ ಕಾಲಿಗೆ ನೀರೆರೆದು ಹೋಳಿಗೆ ತಿನ್ನಿಸುವ ಕೈ, ಶರ್ಯತ್ತಿನ ದಿನ ಬಾಲ ತಿರುಚುವುದೂ ಉಂಟೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯು ಹೊಡೆಯುವುದನ್ನಷ್ಟೇ ಅಲ್ಲ, ಮಿತಿಮೀರಿ ಓಡಿಸುವುದನ್ನೂ ಅಪರಾಧವೆಂದು ಹೇಳಿದೆ. ಮುಳ್ಳುಗೋಲು, ಮೊಳೆ ಬಡಿದ ನೊಗ ಮುಂತಾದವನ್ನು ಬಳಸಕೂಡದೆಂದು 1965ರ ನಿಯಮಗಳು ವಿಧಿಸಿವೆ. ಮಾತು ಗಟ್ಟಿಯಾಗಿದೆ, ದಂಡವೆಷ್ಟೆಂದು ನೋಡಿದರೆ ನಗು ಬರುತ್ತದೆ. ಮೊದಲ ತಪ್ಪಿಗೆ 10 ರೂಪಾಯಿಗೆ ಕಡಿಮೆಯಿಲ್ಲದೆ 50 ರೂಪಾಯಿಯವರೆಗೆ! ಜಾತ್ರೆಯಲ್ಲಿ ಮಗುವಿಗೆ ಕೊಡಿಸುವ ಪೀಪಿ, ಬೆಂಡುಬತ್ತಾಸಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಜನರ ಪ್ರಾಣಕ್ಕೆ ಅಪಾಯವಾಗುವಂತೆ ಯಾವುದೇ ವಾಹನ ನಡೆಸಿದರೆ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಯಾವುದೇ ವಾಹನವೆಂದ ಮೇಲೆ ಎತ್ತಿನ ಗಾಡಿ ಹೊರತಲ್ಲ. ಆದರೆ ಊರೇ ನಡೆಸುವ ಉತ್ಸವದಲ್ಲಿ ಊರಿನವನ ಮೇಲೆ ದೂರು ಕೊಡುವವರಾರು?

ಕಾನೂನು ಈ ಆಟವನ್ನು ಒಮ್ಮೆ ಪೂರ್ತಿಯಾಗಿಯೇ ನಿಲ್ಲಿಸಿ ನೋಡಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನೊಡನೆ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2016ರ ಜನವರಿ 7ರ ಕೇಂದ್ರ ಸರ್ಕಾರದ ಪ್ರಕಟಣೆಯು 2 ಕಿಲೋಮೀಟರಿಗೆ ಮೀರದ, ಸರಿಯಾದ ಹಾದಿಯಲ್ಲಿ ಓಟ ನಡೆಸಬಹುದೆಂದಿತು. ಐದೇ ದಿನಗಳಲ್ಲಿ ಅದಕ್ಕೆ ತಡೆ ಬಿದ್ದಿತು. ಕಂಬಳಕ್ಕಾಗಿ ಎದ್ದ ಚಳವಳಿಯ ಬಿಸಿಯಲ್ಲಿ ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಕಾಯಿದೆಯನ್ನು ತಿದ್ದಿದಾಗ, ಕರಾವಳಿಯ ಕೋಣಗಳ ಜೊತೆಗೆ ಬಯಲುಸೀಮೆಯ ಎತ್ತುಗಳ ಓಟಕ್ಕೂ ದಾರಿಯಾಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಭೀಮೆಯ ಆಚೆ ದಂಡೆಯ ಮಹಾರಾಷ್ಟ್ರವು ತನ್ನ ತಿದ್ದುಪಡಿಯಲ್ಲಿ, ಓಟದಲ್ಲಿ ಪ್ರಾಣಿಗೆ ನೋವು ಮಾಡಿದವನಿಗೆ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಮೂರು ವರ್ಷದವರೆಗೆ ಸೆರೆಯೆಂದು ಬರೆದುಕೊಂಡಿದೆ. ನದಿಯ ಈ ದಂಡೆಗೆ 50, ಆ ದಂಡೆಗೆ 5 ಲಕ್ಷ. ಎತ್ತು ಮಾತ್ರ ಒಂದೇ ತಳಿಯದು. ಐವತ್ತಕ್ಕೆ ಯಾರೂ ಹೆದರುವುದಿಲ್ಲ, ಐದು ಲಕ್ಷವನ್ನು ಯಾರೂ ಒಬ್ಬ ರೈತನ ಮೇಲೆ ಹೇರಲೊಪ್ಪುವುದಿಲ್ಲ. ಎರಡೂ ಕಾಗದದಲ್ಲಿ ಉಳಿಯುವ ಸಂಭವವೇ ಹೆಚ್ಚು.

ಇವೆರಡರ ನಡುವೆ ಸರಳವಾದ ಹಾದಿಯೊಂದಿದೆ, ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಜಾತ್ರಾ ಕಮಿಟಿಗಳು ಒಂದು ವಹಿ ಇಡಬಹುದು. ಅದರಲ್ಲಿ ಎತ್ತಿನ ಹೆಸರು, ಒಡೆಯನ ಹೆಸರು ಮಾತ್ರವಲ್ಲದೆ ಸಾರಥಿಯ ಹೆಸರೂ ಬರೆಯಲ್ಪಡಬೇಕು. ಒಂದು ಊರಿನಲ್ಲಿ ಅಡ್ಡಬಂದವನು, ಜನರ ಮೇಲೆ ಗಾಡಿ ತಿರುಗಿಸಿದವನು ಆ ಹಂಗಾಮು ಮುಗಿಯುವವರೆಗೆ ನಾಲ್ಕೂ ತಾಲೂಕಿನಲ್ಲಿ ಎಲ್ಲಿಯೂ ಹಗ್ಗ ಹಿಡಿಯಕೂಡದು. ಜಾತ್ರೆಗಳ ತಿಥಿ ಎಲ್ಲರಿಗೂ ಗೊತ್ತು, ಫೋನು ಎಲ್ಲರ ಕಿಸೆಯಲ್ಲಿದೆ. ಒಂದೂರಿನ ತೀರ್ಪು ಇನ್ನೊಂದೂರಿಗೆ ಮುಟ್ಟುವುದು ಕಷ್ಟವೇನಲ್ಲ. ಪಟ್ಟಣದಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ನಿಧಾನವಾಗಿ ಟಾಂಗಾ ಹೊಡೆಯುವವನಿಗೆ ಪರವಾನಗಿ ಬೇಕೆಂದು ಹಿಂದಿನವರು ವಿಧಿಸಿದ್ದರು. ಜಾತ್ರೆಯ ಜನಸಂದಣಿಯ ನಡುವೆ ಖಿಲಾರಿ ಜೋಡಿಯನ್ನು ಬಿಡುಹಗ್ಗದಲ್ಲಿ ಓಡಿಸುವವನಿಗೆ ಏನೂ ಬೇಡವೆಂಬುದು ಯಾವ ನ್ಯಾಯ? ಹೀಗೆ ಮಾಡಿದರೆ ಓಟದ ಸೊಗಸು ಕೆಡುತ್ತದೆಂದು ಆಕ್ಷೇಪಿಸುವವರೂ ಇದ್ದಾರೆ. ಆದರೆ ಸೊಗಸೆಂದರೇನೆಂದು ಹಳೆಯ ಗಾಡಿಗಾರರನ್ನು ನೋಡಿ ಕಲಿಯಬೇಕು: ಬಾರಕೋಲು ಗಾಳಿಯಲ್ಲಿ ಸುಳಿಯುತ್ತದೆ, ಚರ್ಮಕ್ಕೆ ತಾಗುವುದಿಲ್ಲ, ನಾಲಗೆಯ ಒಂದು ಲೊಟಕಿಗೆ ಜೋಡಿ ಹೆಜ್ಜೆ ಕೂಡಿಸುತ್ತದೆ, ಗೆರೆ ದಾಟಿ ಐವತ್ತು ಮಾರು ಹೋಗುವುದರೊಳಗೆ ಗಾಡಿ ನಿಂತಿರುತ್ತದೆ.

ಮುದ್ದೇಬಿಹಾಳದ ಕಡೆಗೆ ಇಳಿದಂತೆ ಗಾಳಿ ತುಸು ತಂಪಾಗುತ್ತದೆ. ಕೃಷ್ಣೆಯ ದಂಡೆಯ ತಂಗಡಗಿಯ ಆಸುಪಾಸಿನ ಬಯಲಿನಲ್ಲಿಯೇ 1565ರಲ್ಲಿ ವಿಜಯನಗರದ ಕುದುರೆ, ಆನೆ, ಕಾಲಾಳುಗಳ ಭಾಗ್ಯ ನಿರ್ಣಯವಾಯಿತೆಂದು ಈ ಕಡೆಯ ಜನ ತೋರಿಸುತ್ತಾರೆ. ಆ ಬಯಲಿನಲ್ಲಿ ಈಗ ತೊಗರಿ, ಜೋಳ, ಕಡಲೆ ನಿಲ್ಲುತ್ತವೆ. ಜಾತ್ರೆಯ ಸಂಜೆ ಓಟ ಮುಗಿದ ಮೇಲೆ ಎತ್ತುಗಳನ್ನು ನೊಗದಿಂದ ಬಿಡಿಸಿ ಬೇವಿನ ನೆರಳಿಗೆ ಕಟ್ಟುತ್ತಾರೆ. ಬಾಯಿಯ ನೊರೆ ಒರೆಸಿ, ಗೊರಸು ಎತ್ತಿ ನಾಲು ಸಡಿಲಾಗಿದೆಯೋ ಎಂದು ನೋಡುತ್ತಾರೆ. ಮುದುಕನೊಬ್ಬ ಬೆನ್ನ ಮೇಲೆ ಅಂಗೈ ಎಳೆಯುತ್ತ ಹೋಗಿ ಬರೆ ಬಂದಲ್ಲಿ ನಿಲ್ಲುತ್ತಾನೆ, ಏನೂ ಅನ್ನದೆ ಅರಿಸಿನ ಎಣ್ಣೆ ತರಹೇಳುತ್ತಾನೆ. ಅತ್ತ ಕಟ್ಟೆಯ ಮೇಲೆ ತಕರಾರು ಇನ್ನೂ ಮುಗಿದಿರುವುದಿಲ್ಲ. ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡ ಒಡೆಯ ಪಂಚರೆದುರು ನಿಂತು, ತನ್ನ ಗಾಡಿ ಅಡ್ಡಬಂದುದು ಹೇಗೆಂದು ತನಗೆ ತಿಳಿದಷ್ಟನ್ನು ಹೇಳುತ್ತಿರುತ್ತಾನೆ. ಹೇಳಬೇಕಾದವನು ಅಲ್ಲಿಲ್ಲ, ಕೂಲಿ ಎಣಿಸಿಕೊಂಡು, ಬಾರಕೋಲನ್ನು ಬೆನ್ನಿಗೆ ಸಿಕ್ಕಿಸಿ, ಯಾರದೋ ಮೋಟಾರುಸೈಕಲ್ಲಿನ ಹಿಂದೆ ಕುಳಿತು ತಾಳಿಕೋಟಿಯ ರಸ್ತೆ ಹಿಡಿದಿದ್ದಾನೆ. ನಾಳೆ ಅಲ್ಲಿ ಇನ್ನೊಂದು ಜಾತ್ರೆ.